ಉದ್ದ ಬಾಲದ ಮಡಕೆ

ನನ್ನ ಗಂಡ ತಿಮ್ಮ ಭಟ್ಕಳ ಬಂದರದಲ್ಲಿ ಬೋಟಿನ ಕೆಲಸಕ್ಕೆ ಹೋಗುತ್ತಿದ್ದರು. ಬದುಕಿದ್ದಾಗ ನಾನು ಅವರ ಹೆಸರು ಹೇಳಿದವಳಲ್ಲ. ಈಗ ಬರೆಯಬೇಕು. ಅವರ ಕೈಗುಣ ಸರಿಯಿಲ್ಲ ಎಂದು ಕೇರಿಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಅದು ಸುಳ್ಳು.

ಎಪ್ಪತ್ತೆಂಟರಲ್ಲಿ ಮುಂಬೈಗೆ ಹೋದವರು ಬಾಟಲಿಯಲ್ಲಿ ಗಪ್ಪಿ ಎಂಬ ಬಣ್ಣದ ಮೀನು ತಂದರು. ಕಿರುಬೆರಳಿನಷ್ಟೂ ಇಲ್ಲ. ಬಾಲ ಮಾತ್ರ ಚಂದ. ಜಗಲಿಯ ಬದಿಗೆ ಎರಡು ದೊಡ್ಡ ಮಡಕೆ ಇಟ್ಟರು. ಮರಿ ಬೆಳೆದ ಹಾಗೆ ಉದ್ದ ಬಾಲದ್ದು ಒಂದಕ್ಕೆ, ಗಿಡ್ಡ ಬಾಲದ್ದು ಇನ್ನೊಂದಕ್ಕೆ. ಗಿಡ್ಡದ್ದನ್ನು ಸೊಳ್ಳೆ ಮರಿ ತಿನ್ನಲಿ ಅಂತ ಬಾವಿ ಇದ್ದವರಿಗೆ ಕೊಡುತ್ತಿದ್ದರು.

"ಮೀನು ಹಿಡಿಯೂದು ಬಿಟ್ಟು ಮೀನಿಗೆ ಊಟ ಹಾಕ್ತಾ ಕೂತಿದಾನೆ ನನ್ನಣ್ಣ" ಎಂದು ಮೈದುನ ನಾಗಪತಿ ನಗುತ್ತಿದ್ದ. ನಾನೂ ನಗುತ್ತಿದ್ದೆ.

"ಎರಡು ಮಡಕೆಯದ್ದನ್ನೂ ಒಂದು ದಿನವೂ ಸೇರಿಸೂಕಾಗದು" ಎಂದು ಇವರು ನನಗೆ ಹೇಳಿದ್ದರು. "ಒಂದ್ಸಲ ಗಂಡು ಸೇರಿದ್ರೆ ಹೆಣ್ಣು ತಿಂಗಳುಗಟ್ಟಲೆ ಅದರದೇ ಮರಿ ಹಾಕ್ತದೆ."

"ನಿಮ್ಮ ಮೀನಿನ ಬಾಣಂತನ ನನಗೆಂತಕೆ?" ಅಂದೆ.

ಎಂಬತ್ತೆರಡರಲ್ಲಿ ದುಬೈಯಿಂದ ಬಂದ ಸಾಹೇಬರೊಬ್ಬರು ಹೊಸ ಮನೆಗೆ ಗಾಜಿನ ಪೆಟ್ಟಿಗೆ ಮಾಡಿಸಿದರು. ನಮ್ಮ ಜಗಲಿಗೆ ಬಂದು ಮಡಕೆಗೆ ಬಗ್ಗಿ ನೋಡಿ, "ತಿಮ್ಮಣ್ಣ, ಪೆಟ್ಟಿಗೆ ತುಂಬ ಇದೇ ಬಾಲ ಬೇಕು. ಮಳೆಗಾಲ ಮುಗಿದ ಮೇಲೆ ಬರ್ತೇನೆ" ಅಂದರು. ಇವರನ್ನು ಅಷ್ಟು ಮರ್ಯಾದೆಯಿಂದ ಯಾರೂ ಏನೂ ಕೇಳಿದ್ದಿಲ್ಲ. ಅವತ್ತು ಎರಡು ಸಲ ತಲೆ ಬಾಚಿಕೊಂಡರು.

ಮೇ ತಿಂಗಳಲ್ಲಿ ಬೋಟು ಮಲ್ಪೆ ಕಡೆ ಹೋಯಿತು. ಇವರು ಎಂಟು ದಿನ ಮನೆಯಲ್ಲಿಲ್ಲ. ಇಲ್ಲಿ ಬಂಗಡೆ ರಾಶಿ ಬಂತು. ಮಳೆಗಾಲಕ್ಕೆ ಉಪ್ಪು ಹಾಕಿಡಬೇಕು, ಮಡಕೆ ಸಾಲಲಿಲ್ಲ. ಗಿಡ್ಡ ಬಾಲದ್ದನ್ನೆಲ್ಲ ಉದ್ದ ಬಾಲದ ಮಡಕೆಗೆ ಸುರಿದು, ಖಾಲಿಯಾದದ್ದಕ್ಕೆ ಬಂಗಡೆ ತುಂಬಿದೆ. ಅವರು ಬರುವ ಹಿಂದಿನ ದಿನ ಬಂಗಡೆ ತೆಗೆದು ಒಣಗಲು ಹಾಕಿ, ಮಡಕೆಗೆ ಬೂದಿ ಹಾಕಿ ತಿಕ್ಕಿ, ಬಾಲ ನೋಡಿ ನೋಡಿ ಬೇರೆ ಮಾಡಿದೆ. ಪೇಟೆಯಲ್ಲಿ ಮೀನು ವಿಂಗಡಿಸುವ ಕೈ ನನ್ನದು. ಒಂದೂ ತಪ್ಪಲಿಲ್ಲ ಅಂದುಕೊಂಡೆ.

ಹೆಣ್ಣಿನ ಹೊಟ್ಟೆಯಲ್ಲಿ ಏನಿದೆ ಎಂದು ಕೈಗೆ ಗೊತ್ತಾಗಲಿಲ್ಲ.

ಮಳೆಗಾಲದಲ್ಲಿ ಹುಟ್ಟಿದ ಮರಿ ಬೆಳೆದವು. ಉದ್ದ ಬಾಲದ ಮಡಕೆಯ ತುಂಬ ಗಿಡ್ಡ ಬಾಲ. ಇವರು ನೀರು ಬದಲಿಸಿದರು, ಮಡಕೆ ನೆರಳಿಗೆ ಸರಿಸಿದರು. ಒಲೆಯ ಹತ್ತಿರ ಬಂದು ಕೂತರು.

"ಎಲ್ಲಿ ತಪ್ಪಿದೆ ನಾನು?"

ನಾನು ಅದೇ ಉಪ್ಪು ಬಂಗಡೆ ಸುಡುತ್ತಿದ್ದೆ. "ನನಗೆಂತ ಗೊತ್ತು" ಅಂದೆ.

ಸಾಹೇಬರು ಬಂದಾಗ ಅಕ್ಕಪಕ್ಕದವರೂ ನಿಂತಿದ್ದರು. "ನನ್ನ ಕೈಗುಣ ಸರಿಯಿಲ್ಲ ಸಾಹೇಬ್ರೆ" ಎಂದು ಎಲ್ಲರ ಎದುರು ಹೇಳಿದರು. ನಾನು ಬಾಗಿಲ ಹಿಂದೆ ಇದ್ದೆ. ಆಮೇಲೆ ಮೀನನ್ನೆಲ್ಲ ಬಾವಿಗೆ ಬಿಟ್ಟು, ಖಾಲಿ ಮಡಕೆ ತಂದು ನನ್ನ ಮುಂದಿಟ್ಟರು. "ತಗೋ, ಉಪ್ಪು ಹಾಕೂಕೆ ಆತು." ಗೊತ್ತಿದ್ದು ಹೇಳಿದರೋ, ಇಲ್ಲವೋ. ಕೇಳಲು ನನಗೆ ಮುಖ ಇರಲಿಲ್ಲ. ಮತ್ತೆ ಮೀನು ಸಾಕಲಿಲ್ಲ.

ಹೋದ ವರ್ಷ ಇವರು ಜ್ವರದಲ್ಲಿ ತೀರಿಕೊಂಡರು. ಹನ್ನೆರಡನೇ ದಿನದ ಊಟಕ್ಕೆ ಕೂತ ನಾಗಪತಿ, "ಅಣ್ಣ ಒಳ್ಳೆಯವ. ಮೀನು ಸಾಕೂಕೆ ಮಾತ್ರ ಕೈಗುಣ ಇರಲಿಲ್ಲ" ಅಂದ. ಪಂಕ್ತಿಯವರು ನಕ್ಕರು. ನಾನು ಅನ್ನ ಬಡಿಸುತ್ತಿದ್ದೆ. ಬಡಿಸುತ್ತಾ ಮುಂದೆ ಹೋದೆ.

ಈ ತಿಂಗಳು ವರ್ಷದ ತಿಥಿ. ಅದೇ ಪಂಕ್ತಿ ಕೂರುತ್ತದೆ. ನಾನು ಕಲಿತದ್ದು ಮೂರನೇ ಕ್ಲಾಸು, ಓದುವಾಗ ತಡವರಿಸುತ್ತೇನೆ. ಆದರೂ ಬರೆದ ಇದನ್ನು ಎಲ್ಲರ ಎದುರು ನಾನೇ ಓದುತ್ತೇನೆ. ಅನ್ನ ಆಮೇಲೆ.