ನಾಲ್ಕು ಬಾಗಿಲಿನ ಗುಡಿ

ಅಡುಗೆಮನೆಯಲ್ಲಿ ಹೆಂಡತಿ ಗೋಧಿಹಿಟ್ಟನ್ನು ತುಪ್ಪದಲ್ಲಿ ಹುರಿಯುತ್ತಿದ್ದಾಳೆ. ಈ ಪರಿಮಳಕ್ಕೆ ನನ್ನ ಬಾಯಲ್ಲಿ ನೀರೂರುವುದಿಲ್ಲ, ಗುರ್ಮೀತನ ನೆನಪಾಗುತ್ತದೆ. ಹಲ್ವದಂಥ ಸಾಧು ತಿಂಡಿಗೆ ಇದು ಅನ್ಯಾಯವೇ ಸರಿ, ಏನು ಮಾಡಲಿ ಹೇಳಿ.

ಮಣಿಪಾಲದ ನಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದ ಸಿಖ್ ಹುಡುಗ ಅವನು. ಡಾಕ್ಟರಿಕೆ ಓದಲು ದಿಲ್ಲಿಯಿಂದ ಬಂದವನು. ಗೋಡೆಯಲ್ಲಿ ಅಮೃತಸರದ ಸ್ವರ್ಣಮಂದಿರದ ಪಟ. ಕೆಲವು ಭಾನುವಾರ ನಮ್ಮ ಒಲೆಯಲ್ಲೇ ಹಲ್ವ ಕಾಯಿಸಿ, ನಮ್ಮ ತಲೆಗೆ ಬಟ್ಟೆ ಹೊದೆಸಿ, ಎರಡೂ ಕೈ ಒಡ್ಡಿಸಿ ಪ್ರಸಾದವೆಂದು ಕೊಡುತ್ತಿದ್ದ. ಜೊತೆಗೆ ಕಥೆ. ಮೊದಲು ಕೊಳ ಅಗೆದು ಆಮೇಲೆ ಗುಡಿ ಕಟ್ಟಿದರಂತೆ. ಅಡಿಗಲ್ಲಿಟ್ಟದ್ದು ಒಬ್ಬ ಮುಸ್ಲಿಂ ಸಂತರಂತೆ. ವೈರಿಗಳು ಗುಡಿ ಕೆಡವಿ ಕೊಳಕ್ಕೆ ಮಣ್ಣು ತುಂಬಿದಾಗಲೆಲ್ಲ ಜನ ಮತ್ತೆ ಅಗೆದು ನೀರು ತಂದರಂತೆ. ಯಾವ ಜಾತಿಯವರೂ ಬರಲೆಂದು ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು.

"ನಾಲ್ಕಕ್ಕೂ ಚಿಲಕ ಹಾಕುವವರು ಯಾರು ಮಾರಾಯ?" ಎಂದು ನಾನು ದೊಡ್ಡ ತಮಾಷೆ ಮಾಡಿದವನಂತೆ ಕೇಳಿದ್ದೆ.

"ಚಿಲಕ ಹಾಕಲಿಕ್ಕೆ ಅಲ್ಲ ಅಣ್ಣ, ತೆಗೆಯಲಿಕ್ಕೆ ಬಾಗಿಲು," ಎಂದಿದ್ದ.

ಎಂಬತ್ತನಾಲ್ಕರ ಜೂನಿನಲ್ಲಿ ಆ ಗುಡಿಯ ಆವರಣದಲ್ಲೇ ಗುಂಡುಗಳು ಹಾರಿದವು. ನವೆಂಬರಿನಲ್ಲಿ, ಪ್ರಧಾನಿಯ ಕೊಲೆಯ ಬೆನ್ನಿಗೆ, ದಿಲ್ಲಿಯಲ್ಲಿ ಸಿಖ್ಖರನ್ನು ಹುಡುಕಿ ಹುಡುಕಿ ಕೊಂದರು. ಗುರ್ಮೀತನ ಅಪ್ಪನ ಸುದ್ದಿಯೇ ಇಲ್ಲ. ಹೋಗಲೇಬೇಕು, ಆದರೆ ಪಗಡಿ ಕಂಡರೆ ರೈಲಿನಿಂದ ಎಳೆದು ಹಾಕುತ್ತಾರೆಂಬ ಭಯ. ಅವರ ಧರ್ಮದ ಕಟ್ಟಳೆಯಂತೆ ಹುಟ್ಟಿದಾಗಿನಿಂದ ಕತ್ತರಿ ತಾಗದ ಕೂದಲನ್ನು ತೆಗೆಸಲು ನಾನೇ ಅವನನ್ನು ಉಡುಪಿಗೆ ಕರೆದುಕೊಂಡು ಹೋದೆ.

ಕ್ಷೌರದಂಗಡಿಯ ಶೀನಣ್ಣ ಪಗಡಿ ಬಿಚ್ಚಿದ ತಲೆಯನ್ನು ನೋಡಿ, ನಮ್ಮೂರಿನ ರೂಢಿಯಂತೆ, ದೇವರಿಗೆ ಬಿಟ್ಟ ಕೂದಲೆಂದುಕೊಂಡ. "ಹರಕೆ ಸಂದಿತಾ? ಒಳ್ಳೆಯದಾಯ್ತು," ಎಂದು ಕತ್ತರಿಗೆ ಕೈಮುಗಿದ. ಕೆಲಸ ಮುಗಿದ ಮೇಲೆ ಕೂದಲನ್ನೆಲ್ಲ ಬಾಳೆಲೆಯಲ್ಲಿ ಒಟ್ಟುಮಾಡಿ, "ದೇವರಿಗೆ ಮುಟ್ಟಿಸಿ ಆಯ್ತಾ," ಎಂದ. ಗುರ್ಮೀತ್ ಎರಡೂ ಕೈ ಒಡ್ಡಿ ತೆಗೆದುಕೊಂಡ. ಅದನ್ನು ಏನು ಮಾಡಿದನೋ, ಕೇಳುವ ಧೈರ್ಯ ನನಗಾಗಲಿಲ್ಲ.

ದಿಲ್ಲಿಗೆ ಹೋದವನು ತಿಂಗಳ ಮೇಲೆ ಸಾಮಾನು ಕಟ್ಟಲು ಬಂದ. ಓದು ಅಲ್ಲಿಗೇ ನಿಂತಿತ್ತು. ನನ್ನ ಅಮ್ಮ ಅವನ ಮೊಂಡುಗೂದಲು ಸವರಿ, "ಬೆಳೀತದೆ ಮಗಾ. ಅಪ್ಪ ಸಿಕ್ಕಿದ್ರಾ?" ಎಂದರು.

"ಅಪ್ಪ ಹೋದರು ಅಮ್ಮ. ಬಚಾವಾಗಲಿ ಅಂತ ನೆರೆಯವರು ಕತ್ತರಿ ಕೊಟ್ಟಿದ್ದರಂತೆ. ಅಪ್ಪ ಕೂದಲು ತೆಗೆಯಲಿಲ್ಲ."

ಅಮ್ಮನ ಕೈ ಅವನ ತಲೆಯ ಮೇಲೆಯೇ ನಿಂತಿತು. ಅವನು ಬಟ್ಟೆ, ಪುಸ್ತಕ ಎಲ್ಲ ಕಟ್ಟಿದ, ಪಟ ಮಾತ್ರ ಗೋಡೆಯಲ್ಲೇ ಬಿಟ್ಟ. ಒಮ್ಮೆ ಅಮೃತಸರಕ್ಕೆ ಹೋಗಿಬಾ, ಸಮಾಧಾನವಾಗುತ್ತದೆ ಎಂದೆ.

"ಬಾಗಿಲು ನಾಲ್ಕು ಉಂಟು ಅಣ್ಣ. ನಾನು ಯಾವುದರಲ್ಲಿ ಹೋಗುವುದು?"

ಹೆಂಡತಿ ಹಲ್ವ ತಂದಿದ್ದಾಳೆ. ತಟ್ಟೆ ಬೇಡವೆಂದು ಎರಡೂ ಕೈ ಒಡ್ಡಿದೆ. ಅಂಗೈ ಸುಟ್ಟಿತು. ಬಾಳೆಲೆ ಹಿಡಿದಿದ್ದ ಗುರ್ಮೀತನ ಆ ಕೈಗಳು ಕಣ್ಣ ಮುಂದೆ ಬಂದು, ಬಾಯಿಗೆ ಒಯ್ಯಲಾಗಲಿಲ್ಲ.