ಹುಳುಮನೆಯ ಆ್ಯಪ್ ಮತ್ತು ನಮ್ಮ ಮೇಷ್ಟ್ರು

ಮೇಷ್ಟ್ರ ಅಂಗಿಯ ಜೇಬು ಯಾವಾಗಲೂ ಜೋಲುತ್ತಿತ್ತು. ಅದರಲ್ಲಿ ಸಿಮ್ ಇಲ್ಲದ ಎರಡು ಹಳೇ ಫೋನುಗಳು. ಒಂದರ ಗಾಜು ಒಡೆದಿತ್ತು, ಇನ್ನೊಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ನಾವು ಬರೆದ ಆ್ಯಪ್‌ಗಳನ್ನು ಮೊದಲು ಅವುಗಳಲ್ಲೇ ಹಾಕಿ ನೋಡುತ್ತಿದ್ದರು. "ಇದ್ರಲ್ಲಿ ಓಡಿದ್ರೆ ಎಲ್ಲಾದ್ರಲ್ಲೂ ಓಡುತ್ತೆ ಬಿಡು" ಎನ್ನುವುದು ಅವರ ಮಾಮೂಲಿ ಮಾತು.

ಡಿಪ್ಲೊಮಾದಲ್ಲಿ ನನಗೆ ಪಾಠ ಹೇಳಿದವರು. ನಿವೃತ್ತರಾದ ಮೇಲೆ ರೇಷ್ಮೆ ಸೀಮೆಯ ವಿಜಯಪುರದ ಬೇಕರಿಯೊಂದರ ಮಹಡಿಯಲ್ಲಿ ಪುಟ್ಟ ಆಫೀಸು ತೆರೆದು ನನ್ನನ್ನು ಕೆಲಸಕ್ಕೆ ಕರೆದರು. ದಿನಾ ಒಂದು ದಿಲ್‌ಪಸಂದ್ ತರಿಸಿ, ತಮಗೆ ಸಕ್ಕರೆ ಕಾಯಿಲೆ ಎಂದು ಹೇಳುತ್ತಲೇ ದೊಡ್ಡ ಚೂರನ್ನು ಎತ್ತಿಕೊಳ್ಳುತ್ತಿದ್ದರು.

ಆಗ ರೇಷ್ಮೆಹುಳು ಸಾಕುವವರ ಸಂಘವೊಂದಕ್ಕೆ ಆ್ಯಪ್ ಮಾಡುತ್ತಿದ್ದೆವು. ಸಂಘದ ಹೆಣ್ಣುಮಗಳೊಬ್ಬಳು ಮನೆ ಮನೆಗೆ ಹೋಗಿ ಹುಳು ನೋಡುತ್ತಾಳೆ. ರೋಗ ಕಂಡರೆ ಆ್ಯಪ್‌ನಲ್ಲಿ ಬರೆಯುತ್ತಾಳೆ, ಅಕ್ಕಪಕ್ಕದವರಿಗೆಲ್ಲ ಎಚ್ಚರಿಕೆ ಹೋಗುತ್ತದೆ. ಬರೆದದ್ದನ್ನು ನೇರವಾಗಿ ಸರ್ವರ್‌ನ ಡೇಟಾಬೇಸ್‌ಗೆ ಕಳಿಸಬಹುದಿತ್ತು, ಆದರೆ ಹುಳುಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ಫೋನಿನೊಳಗೇ ಒಂದು ಸಣ್ಣ ಡೇಟಾಬೇಸ್ ಇಟ್ಟು, ಸಿಗ್ನಲ್ ಇರುವ ಕಡೆ ಆ್ಯಪ್ ತೆರೆದಾಗ ಸರ್ವರ್‌ಗೆ ಕಳಿಸೋಣ ಎಂದು ತೀರ್ಮಾನಿಸಿದೆವು.

"ಫೋನಲ್ಲಿ ಉಳೀತು ಅನ್ನೋದು ಬೇರೆ, ಸರ್ವರ್‌ಗೆ ಮುಟ್ತು ಅನ್ನೋದು ಬೇರೆ ಕಣಯ್ಯಾ. ಎರಡಕ್ಕೂ ಬೇರೆ ಬೇರೆ ಗುರುತು ಹಾಕು" ಎಂದರು ಮೇಷ್ಟ್ರು. ಆಗಲಿ ಸಾರ್ ಎಂದೆ. ಆದರೆ ನೋಡಲು ಚೆಂದ ಎಂದು ಎರಡಕ್ಕೂ ಒಂದೇ ಹಸಿರು ಗುರುತು ಹಾಕಿದೆ.

ಒಂದು ಮನೆಯ ಹುಳುಗಳಿಗೆ ಸುಣ್ಣಕಟ್ಟು ಎಂಬ ಅಂಟುರೋಗ ಬಂತು. ಸಂಘದ ಹುಡುಗಿ ಬರೆದಳು, ಹಸಿರು ಗುರುತು ಕಂಡಳು, ಎಚ್ಚರಿಕೆ ಹೋಯಿತೆಂದುಕೊಂಡು ಫೋನು ಬ್ಯಾಗಿಗೆ ಹಾಕಿದಳು. ಆ್ಯಪ್ ಮತ್ತೆ ತೆರೆಯುವವರೆಗೆ ಅದು ಹೊರಡುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ರೋಗದ ಮನೆಯವರು ನಾಚಿಕೊಂಡು ಬಾಯಿ ಬಿಡಲಿಲ್ಲ. ಪಕ್ಕದ ಮನೆಯಾಕೆ ಎಂದಿನಂತೆ ಅಲ್ಲಿಂದಲೇ ಹುಳುವಿನ ತಟ್ಟೆಗಳನ್ನು ಎರವಲು ತಂದಳು. ಆಕೆಯ ಹುಳುಗಳೂ ಬೆಳ್ಳಗೆ ಗಟ್ಟಿಯಾಗಿ ಸತ್ತವು.

ಮೇಷ್ಟ್ರು ನನ್ನನ್ನು ಕರೆದುಕೊಂಡು ಆಕೆಯ ಮನೆಗೆ ಹೋದರು. "ತಪ್ಪು ನಂದು ಕಣಮ್ಮಾ. ಕೆಲ್ಸ ಮಾಡ್ಸಿದ್ದು ನಾನು, ಸರಿ ಇದೆ ಅಂದಿದ್ದೂ ನಾನೇ" ಎಂದರು. ನಾನು ನನ್ನ ಚಪ್ಪಲಿ ನೋಡುತ್ತ ನಿಂತಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಬೈಯುತ್ತಾರೆಂದು ಕಾದೆ. "ಆ ಗುರುತು ನಾಳೆ ಸರಿ ಮಾಡ್ಬಿಡು" ಎಂದಷ್ಟೇ ಹೇಳಿ ಕಿಟಕಿಗೆ ತಲೆ ಒರಗಿಸಿದರು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಆಮೇಲೆ ಪ್ರತಿ ರೇಷ್ಮೆ ಬೆಳೆಗೂ ಅವರು ಹೋಗಿ ಆಕೆಯ ಹುಳು ಹೇಗಿವೆ ಎಂದು ವಿಚಾರಿಸಿಕೊಂಡು ಬರುತ್ತಿದ್ದರು. ನಾನು ಆ ಬೀದಿಯನ್ನೇ ತಪ್ಪಿಸಿ ಓಡಾಡಿದೆ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಹುಳು ಮೇಯುತ್ತಿರುವಾಗ ಸಾಕುವವರು ಸಾವಿನ ಮನೆಗೆ ಹೋಗುವುದಿಲ್ಲ. ಹೋದರೆ ಮೈಲಿಗೆಯೆಂದು ತಮ್ಮ ಹುಳುಮನೆಯೊಳಕ್ಕೇ ಕಾಲಿಡುವಂತಿಲ್ಲ. ಆದರೂ ಅಂದು ಹುಳು ಕಳೆದುಕೊಂಡಿದ್ದ ಆಕೆ ತನ್ನ ಹುಳುಗಳನ್ನು ನಾದಿನಿಗೆ ಒಪ್ಪಿಸಿ ಬಂದಿದ್ದಳು.

"ದೊಡ್ಡ ಮನುಷ್ಯ ಕಣಪ್ಪಾ. ಮನೆ ಬಾಗ್ಲಿಗೆ ಬಂದು ತಪ್ಪು ನಂದು ಅಂತ ಯಾರು ಹೇಳ್ತಾರೆ?" ಎಂದು ನನ್ನ ಕೈ ಹಿಡಿದುಕೊಂಡಳು.

ತಪ್ಪು ನನ್ನದೆಂದು ಆಗಲಾದರೂ ಹೇಳಿಬಿಡಬೇಕಿತ್ತು. ಮೇಷ್ಟ್ರ ಮಾತನ್ನು ಅವರ ಹೆಣದ ಮುಂದೆಯೇ ಸುಳ್ಳು ಮಾಡಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಬರೀ ನೆಪವೆಂದು ಆಗಲೂ ಗೊತ್ತಿತ್ತು.

"ಹೌದಮ್ಮಾ" ಎಂದೆ.