ಮೇಷ್ಟ್ರಮ್ಮನ ಬೆರಳು

ನಮ್ಮ ಮೀನಿನ ಕಾರ್ಖಾನೆಯ ಶೀತಕೋಣೆಯಲ್ಲಿ ಬಾಗಿಲಿನ ಒಳಗಡೆಯ ಹಿಡಿ ಮುರಿದು ಎರಡು ತಿಂಗಳಾಗಿತ್ತು. ಹಿಡಿ ಇದ್ದ ಜಾಗದಲ್ಲಿ ‘ರಿಪೇರಿ ಆಗಲಿದೆ’ ಎಂಬ ಕಾಗದ ಅಂಟಿಸಿದ್ದರು. ಒಳಗೆ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗೆ. ಹೊರಗಿನಿಂದ ಅಗುಳಿ ಬಿದ್ದರೆ ಒಳಗಿದ್ದವನಿಗೆ ಆ ಕಾಗದ ಓದುವುದೊಂದೇ ಕೆಲಸ, ಅದೂ ಇಂಗ್ಲಿಷ್ ಬಂದರೆ. ಊಟದ ಹೊತ್ತಿಗೆ ಅಗುಳಿ ಹಾಕುವ ಕೆಲಸ ನನ್ನದು. ನನ್ನನ್ನು ನಂಬಿ ಅದನ್ನು ಒಪ್ಪಿಸಿದವರ ಬಗ್ಗೆ ನನಗೆ ಇವತ್ತಿಗೂ ಕನಿಕರವಿದೆ.

ಆ ಹಿಡಿ ನೋಡಿ ಮೊದಲು ಹೆದರಿದವರು ಗೆನೊವೈತೆ. ಲಿಥುವೇನಿಯಾದ ನಮ್ಮೂರಲ್ಲಿ ಇಪ್ಪತ್ತಾರು ವರ್ಷ ಭೂಗೋಳ ಕಲಿಸಿದ ನಮ್ಮ ಮೇಷ್ಟ್ರಮ್ಮ. ಮಕ್ಕಳೆಲ್ಲ ಅಪ್ಪ ಅಮ್ಮನ ಜೊತೆ ಇಂಗ್ಲೆಂಡಿಗೆ ಹೋಗಿ ಶಾಲೆ ಮುಚ್ಚಿದಾಗ ಮಕ್ಕಳ ಹಿಂದೆಯೇ ಬಸ್ಸು ಹತ್ತಿದರು. ಈಗ ಐವತ್ತೆಂಟನೇ ವಯಸ್ಸಿನಲ್ಲಿ ಈ ಬಂದರಿನಲ್ಲಿ ಮೀನಿನ ಮುಳ್ಳು ಕೀಳುತ್ತಾರೆ. ಅವರ ಹಳೆಯ ವಿದ್ಯಾರ್ಥಿಗಳು ಇಬ್ಬರು ಇಲ್ಲಿದ್ದೇವೆ: ನಾನು ಮತ್ತು ವಿದ್ಮಂತಾಸ್. ಅವನು ತರಗತಿಗೇ ಮೊದಲು. ನಾನು ಆಫ್ರಿಕಾದ ನಕ್ಷೆಯನ್ನು ತಲೆಕೆಳಗಾಗಿ ನೇತುಹಾಕಿ, ಅದರ ನದಿಗಳನ್ನು ಸರಾಗವಾಗಿ ತೋರಿಸಿದವನು.

ಊಟದ ಅರ್ಧ ಗಂಟೆಯಲ್ಲಿ ಮೇಷ್ಟ್ರಮ್ಮ ನಮ್ಮ ಎಂಟು ಜನಕ್ಕೆ ಇಂಗ್ಲಿಷ್ ಕಲಿಸುತ್ತಿದ್ದರು. ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಅವರು ನಮಗಿಂತ ಎರಡೇ ಪುಟ ಮುಂದೆ. ಆ ತಿಂಗಳಿನ ಪಾಠ ನನ್ನಿಂದಲೇ ಹುಟ್ಟಿದ್ದು. ನಾನು ಮೇಲ್ವಿಚಾರಕನ ಹತ್ತಿರ ಹೋಗಿ ‘ಗಿವ್ ಐ ಲೀವ್’ ಎಂದು ರಜೆ ಕೇಳಿದ್ದೆ. ಅವನು ಮನಸಾರೆ ನಕ್ಕ, ರಜೆ ಕೊಡಲಿಲ್ಲ. ಅಂದಿನಿಂದ ಎಲ್ಲರ ಬಾಯಲ್ಲೂ ನನ್ನ ಹೆಸರು ‘ಗಿವ್ ಐ’.

“ನಾನು ಅನ್ನೋದು ಎಲ್ಲರಿಗೂ ಬರುತ್ತೆ ಮಕ್ಳೇ,” ಎಂದರು ಮೇಷ್ಟ್ರಮ್ಮ. “ಏಟು ಯಾರ ಮೇಲೆ ಬೀಳುತ್ತೆ, ಅವನನ್ನ ಹೇಳೋಕೆ ಕಲೀರಿ.”

ಅವರು ತೋರುಬೆರಳನ್ನು ಒಂದೊಂದೇ ಕುರ್ಚಿಯತ್ತ ತಿರುಗಿಸುತ್ತಿದ್ದರು. ನಾವು ಹೇಳುತ್ತ ಹೋಗಬೇಕು. ಐ ಸೀ ಹಿಮ್, ಐ ಸೀ ಹರ್, ಮೂಲೆಯ ಇಬ್ಬರಿಗೆ ಐ ಸೀ ದೆಮ್. ಕಿಟಕಿ ಪಕ್ಕದ ಕುರ್ಚಿ ವಿದ್ಮಂತಾಸನದು. ದಿನವೂ ಅದೇ ಸುತ್ತು. ಮೂರನೇ ವಾರಕ್ಕೆ ನಾನು ಕಪ್ಪು ಬ್ರೆಡ್ಡು ಅಗಿಯುತ್ತ, ತಲೆಯೆತ್ತದೆ ಹೇಳುವಷ್ಟು ಪಂಡಿತನಾಗಿದ್ದೆ.

ಶೀತಕೋಣೆಗೂ ಒಂದು ನಿಯಮವಿತ್ತು. ಒಳಗೆ ಹೋಗುವವನು ತನ್ನ ಹಿತ್ತಾಳೆಯ ಬಿಲ್ಲೆಯನ್ನು ಬಾಗಿಲಲ್ಲಿ ನಿಂತವನ ಕೈಗೆ ಕೊಡಬೇಕು. ಅದು ಹೊರಗಿನ ಹಲಗೆಯ ಮೊಳೆಯಲ್ಲಿ ತೂಗುತ್ತಿರುವಷ್ಟು ಹೊತ್ತು ಅಗುಳಿ ಹಾಕುವಂತಿಲ್ಲ. ಆದರೆ ಅಪಶಕುನವೆಂದು ನಮ್ಮವರು ಹೊಸ್ತಿಲಿನ ಆಚೆ ಈಚೆ ನಿಂತು ಏನನ್ನೂ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ, ಕೈಕುಲುಕುವುದೂ ಇಲ್ಲ. ನಾನು ಅದನ್ನೆಲ್ಲ ನಂಬುವುದಿಲ್ಲ. ಹಾಗೆ ಮಾಡುವುದೂ ಇಲ್ಲ, ಅಷ್ಟೇ. ಅದಕ್ಕೆ ಬಿಲ್ಲೆಯನ್ನು ಬಾಗಿಲ ಹೊರಗಿನ ಮೀನಿನ ಪೆಟ್ಟಿಗೆಗಳ ಮೇಲಿಡುವುದು, ಆಮೇಲೆ ನಾನು ಎತ್ತಿ ನೇತುಹಾಕುವುದು ರೂಢಿಯಾಗಿತ್ತು.

ಮೇಷ್ಟ್ರಮ್ಮ ಒಮ್ಮೆ ಅದನ್ನು ನೋಡಿ ನಿಂತರು. “ಪೆಟ್ಟಿಗೆ ಮೇಲಿಡಿಸಬೇಡ ಗೈಲಿಯಸ್. ಇಲ್ಲಿ ಪೆಟ್ಟಿಗೆಗಳಿಗೆ ಕಾಲಿದೆ.”

“ಹೊಸ್ತಿಲ ಮೇಲೆ ಕೊಟ್ರೆ ನೀವು ತಗೋತೀರಾ ಮೇಷ್ಟ್ರಮ್ಮ?” ಎಂದೆ.

ಅವರು ಚಾಕುವನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಹೋದರು. ವಾದದಲ್ಲಿ ಗೆದ್ದೆನೆಂದು ನಾನು ಇಡೀ ದಿನ ಬೀಗಿದೆ.

ಅದಾದ ಮರುವಾರ, ಊಟಕ್ಕೆ ಸ್ವಲ್ಪ ಮುಂಚೆ, ವಿದ್ಮಂತಾಸ್ ಒಳಗೆ ಹೊರಟ. ಅವಸರದಲ್ಲಿದ್ದ, ಹೊಸ್ತಿಲು ದಾಟಿದ ಮೇಲೆ ತಿರುಗಿ ಬಿಲ್ಲೆ ಚಾಚಿದ. ನಾನು ಕೈಯನ್ನು ಜೇಬಿಗೆ ಹಾಕಿಕೊಂಡು, ಅಲ್ಲಿಡು ಎಂದು ಗದ್ದ ಆಡಿಸಿದೆ. ಅವನು ನಕ್ಕು ಪೆಟ್ಟಿಗೆಯ ಮೇಲಿಟ್ಟ. ಅಷ್ಟರಲ್ಲಿ ಯಾರೋ ಕೈಗವಸು ಕೇಳಿದರು, ಕೊಡಲು ಹೋದೆ. ತಿರುಗಿ ಬಂದಾಗ ಫೋರ್ಕ್‌ಲಿಫ್ಟಿನವನು ಪೆಟ್ಟಿಗೆಗಳನ್ನೆಲ್ಲ ಒಯ್ದಿದ್ದ. ಹಲಗೆ ಖಾಲಿ. ಗಂಟೆ ಹೊಡೆಯಿತು. ನನ್ನ ನೆನಪಿನ ಶಕ್ತಿಯೂ ನನ್ನ ಇಂಗ್ಲಿಷಿನಷ್ಟೇ. ಅಗುಳಿ ಹಾಕಿ ಊಟಕ್ಕೆ ಹೋದೆ.

ಪಾಠ ಶುರುವಾದದ್ದು ತಡವಾಗಿ. ಬಿಸಿನೀರಿಗೆ ಸಾಲು ಉದ್ದವಿತ್ತು. ಮೇಷ್ಟ್ರಮ್ಮನ ಬೆರಳು ತಿರುಗತೊಡಗಿತು. ಆ ದಿನದ ಸರದಿ ನನ್ನದು. ಐ ಸೀ ಹರ್. ಐ ಸೀ ದೆಮ್. ಬೆರಳು ಕಿಟಕಿಯ ಕಡೆ ಬಂತು. ಬ್ರೆಡ್ಡಿನಿಂದ ಕಣ್ಣೆತ್ತದೆ ನಾನು, “ಐ ಸೀ ಹಿಮ್” ಎಂದೆ.

ಬೆರಳು ಅಲ್ಲೇ ನಿಂತಿತ್ತು.

“ಯಾರನ್ನ ನೋಡ್ತಿದ್ದೀಯಪ್ಪ?” ಮೇಷ್ಟ್ರಮ್ಮನ ದನಿ ಮೆಲ್ಲಗಿತ್ತು. “ಅವನೆಲ್ಲಿ?”

ಕುರ್ಚಿ ಖಾಲಿಯಿತ್ತು. ಹಲಗೆಯಲ್ಲಿ ಬಿಲ್ಲೆ ಇರಲಿಲ್ಲ ಎನ್ನಲು ಬಾಯಿ ತೆರೆದೆ. ಬಿಲ್ಲೆ ಚಾಚಿದ ಅವನ ಕೈ ಕಣ್ಣ ಮುಂದೆ ಬಂತು. ನಾನು ಏಳುವ ಮೊದಲೇ ಅವರು ಶೀತಕೋಣೆಯತ್ತ ಓಡಿದ್ದರು.

ಅಗುಳಿ ಎಳೆದಾಗ ವಿದ್ಮಂತಾಸ್ ಬಾಗಿಲಿಗೆ ಒರಗಿದ್ದವನು ನಮ್ಮ ಕಾಲ ಮೇಲೆ ಬಿದ್ದ. ರೆಪ್ಪೆಗಳು ಬೆಳ್ಳಗಾಗಿದ್ದವು. ಗುದ್ದಿ ಗುದ್ದಿ ಮುಷ್ಟಿ ಒಡೆದಿತ್ತು. ‘ರಿಪೇರಿ ಆಗಲಿದೆ’ ಎಂಬ ಕಾಗದದ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಮೇಷ್ಟ್ರಮ್ಮ ಅವನ ಕೈಗಳನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡು ಕೂತರು. ಆಂಬುಲೆನ್ಸ್ ಬರುವವರೆಗೂ ನನ್ನ ಕಡೆ ನೋಡಲಿಲ್ಲ.

ಅವನು ಬದುಕಿದ. ಬಲಗೈಯ ಮೂರು ಬೆರಳುಗಳ ತುದಿ ಹೋಯಿತು. ಅಗುಳಿ ಹಾಕಿದವನು ಯಾರೆಂದು ಮೇಲ್ವಿಚಾರಕ ಕೇಳಿದಾಗ ನಾನೇ ಎಂದೆ, ತಲೆಯಾಡಿಸಿ ಬರೆದುಕೊಂಡ. ನನ್ನ ಕೆಲಸ ಹೋಗಲಿಲ್ಲ. ಹಿಡಿಯೂ ಬರಲಿಲ್ಲ, ರಕ್ತವಾದದ್ದನ್ನು ಕಿತ್ತು ಹೊಸ ಕಾಗದ ಅಂಟಿಸಿದರು.

ಎರಡು ತಿಂಗಳ ಮೇಲೆ ವಿದ್ಮಂತಾಸ್ ವಾಪಸ್ಸು ಬಂದ. ಮೊದಲ ದಿನವೇ ಹೊಸ್ತಿಲು ದಾಟಿ, ತಿರುಗಿ ನಿಂತು, ಆ ಮೊಂಡು ಬೆರಳುಗಳಲ್ಲಿ ಬಿಲ್ಲೆ ಚಾಚಿದ. ಮೀನಿನ ಸಾಲಿನಲ್ಲಿ ಮೇಷ್ಟ್ರಮ್ಮನ ಚಾಕು ನಿಂತಿತು. ಒಳಗಿನ ತಣ್ಣನೆ ಹಬೆ ನೆಲದ ಮೇಲೆ ಹರಿದು ನನ್ನ ಬೂಟುಗಳನ್ನು ಸುತ್ತಿಕೊಂಡಿತು.

“ತಗೊಳೋ, ಗಿವ್ ಐ,” ಎಂದ.

ಹೊಸ್ತಿಲ ಮೇಲೆಯೇ ಕೈ ನೀಡಿ ತೆಗೆದುಕೊಂಡೆ. ಬಿಲ್ಲೆ ಆಗಲೇ ತಣ್ಣಗಿತ್ತು.